ಹಾ ಕಣಿವೆಗೆ ಹೋದ ಜೋಳದ ಹಿಟ್ಟು

ವಿನೋಬನಗರ

ಬೇಸಿಗೆ ರಜೆಗೆ ಬೆಟ್ಟದ ಊರಿಗೆ ಹೋಗೋಣ ಅಂತ ನಮ್ಮ ಮನೆಯಲ್ಲಿ ಮಾತು ಎದ್ದ ದಿನವೇ ನಾನು ನನ್ನ ಶರತ್ತು ಹೇಳಿಬಿಟ್ಟೆ. ಊಟಿಗಾದರೂ ನಡೆಯಿರಿ, ಹಿಮಾಲಯಕ್ಕಾದರೂ ನಡೆಯಿರಿ, ನನಗೇನೂ ತಕರಾರಿಲ್ಲ. ಆದರೆ ವಾಪಸ್ ಬಂದು ಮನೆ ಬೀಗ ತೆಗೆಯುವ ತನಕ ನಾನು ಒಲೆ ಮುಟ್ಟುವುದಿಲ್ಲ. ಒಂದು ಲೋಟ ಚಹಾ ಕಾಸಿಕೊಡು ಅಂತ ಯಾರಾದರೂ ಬಾಯಿ ತೆಗೆದರೆ ಅಲ್ಲಿಂದಲೇ ಗಾಡಿ ಹತ್ತಿ ಬರುತ್ತೇನೆ.

ಈ ಹಟಕ್ಕೆ ಕಾರಣ ಇದೆ. ದಾವಣಗೆರೆಯ ವಿನೋಬನಗರದಲ್ಲಿ ನಮ್ಮದೊಂದು ಖಾನಾವಳಿ. ಮನೆಯ ಮುಂದಿನ ಪಡಸಾಲೆಯಲ್ಲೇ ಬೆಂಚು ಹಾಕಿ ಊಟ ಬಡಿಸುತ್ತೇವೆ. ಪಿ.ಜೆ. ಬಡಾವಣೆಯ ದವಾಖಾನೆಗಳಿಗೆ ರೋಗಿಗಳ ಜೊತೆ ಬಂದ ಹಳ್ಳಿಯವರು, ಕಾಲೇಜು ಹುಡುಗರು, ಆಟೊದವರು ನಮ್ಮ ಗಿರಾಕಿಗಳು. ಪಲ್ಯ, ಸಾರಿಗೆ ಇಬ್ಬರು ಹೆಣ್ಣುಮಕ್ಕಳು ಬರುತ್ತಾರೆ. ರೊಟ್ಟಿ ಮಾತ್ರ ನನ್ನದೇ. ಅದನ್ನು ಬೇರೆಯವರ ಕೈಗೆ ಬಿಡುವುದು ನನ್ನಿಂದ ಆಗದ ಮಾತು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಹಂಚಿನ ಮುಂದೆ ಕೂತವಳು ನಾನು. ಹಬ್ಬ ಹುಣ್ಣಿಮೆಗೆ ಖಾನಾವಳಿ ಮುಚ್ಚಿದರೂ ಮನೆಯವರ ಹೊಟ್ಟೆ ಮುಚ್ಚುವುದಿಲ್ಲವಲ್ಲ. ಹಾಗಾಗಿ ರಜೆ ಅಂದರೆ ನನಗೆ ಬೆಟ್ಟವೂ ಅಲ್ಲ, ಹಿಮವೂ ಅಲ್ಲ, ಯಾರೋ ಮಾಡಿ ಹಾಕಿದ್ದನ್ನು ಕೂತು ಉಣ್ಣುವುದು.

ಪ್ರವಾಸದ ಯೋಜನೆಯೆಲ್ಲ ಮಗಳು ಪಲ್ಲವಿಯದು. ಇಲ್ಲೇ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ, ಬೇಸಿಗೆಯಲ್ಲಿ ಅವಳಿಗೂ ಬಿಡುವು. ಕಾಲೇಜುಗಳಿಗೆ ರಜೆ ಬಿದ್ದು ನಮ್ಮ ಗಿರಾಕಿಯೂ ಕಡಿಮೆ. ನಮ್ಮ ಯಜಮಾನರು ಹರಿಹರದ ಒಂದು ಲೇತ್ ವರ್ಕ್‌ಶಾಪಿನಲ್ಲಿ ದುಡಿದು ಈಗ ಮನೆಯಲ್ಲಿದ್ದಾರೆ. ಅವರ ಪ್ರಕಾರ ಪ್ರವಾಸವೆಂದರೆ ಬಸ್ಸು ನಿಂತಲ್ಲೆಲ್ಲ ಇಳಿಯುವುದು, ನೋಡುವುದು, ಫೋಟೊ ಹೊಡೆಸಿಕೊಂಡು ಓಡಿಬಂದು ಹತ್ತುವುದು. ಪಲ್ಲವಿ ಅದನ್ನೆಲ್ಲ ಕತ್ತರಿಸಿ ಹಾಕಿದಳು. ಭೂತಾನಿಗೆ ಹೋಗೋಣ, ಒಂದೇ ಕಣಿವೆ, ಒಂದೇ ರೈತರ ಮನೆ, ಅಲ್ಲೇ ಇದ್ದು, ಉಂಡು, ಸುಮ್ಮನೆ ಕೂತು ಬರೋಣ ಅಂದಳು.

ಸುಮ್ಮನೆ ಕೂರುವ ಮಾತು ನಮ್ಮತ್ತೆ ಚನ್ನಬಸಮ್ಮನವರಿಗೆ ಹಿಡಿಸಲಿಲ್ಲ. "ಸುಮ್ನೆ ಕುಂದ್ರಾಕ ಅಷ್ಟು ದೂರ ಯಾಕ ಹೋಗ್ಬೇಕು? ನಮ್ ಕಟ್ಟಿ ಮ್ಯಾಲೆ ಜಾಗ ಇಲ್ಲೇನು?" ಅಂದರು. ನಮ್ಮ ಕಟ್ಟೆಯ ಮೇಲೆ ಕೂತರೆ ಐದು ನಿಮಿಷಕ್ಕೊಬ್ಬರು ಬಂದು ರೊಟ್ಟಿ ಐತೇನ್ರಿ ಅಂತ ಕೇಳುತ್ತಾರೆ ಅಂದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಹಾಗಾದರೆ ಹೋಗೋಣ, ಆದರೆ ಮೊದಲು ಹರಿಹರದಲ್ಲಿ ಕೈ ಮುಗಿದೇ ಹೋಗೋದು ಅಂದರು. ಅಷ್ಟು ಬೇಗ ಒಪ್ಪಿದ್ದು ನನಗೆ ಆಶ್ಚರ್ಯ.

ಹೊರಡುವ ಮುನ್ನ ಎಲ್ಲರ ಚೀಲವನ್ನೂ ನಾನೇ ತಪಾಸಣೆ ಮಾಡಿದೆ. ಮಂಡಕ್ಕಿ, ಶೇಂಗಾ ಚಟ್ನಿಪುಡಿ, ಖಾರದ ಅವಲಕ್ಕಿಗೆ ಪರವಾನಗಿ ಕೊಟ್ಟೆ. ಯಜಮಾನರ ಚೀಲದ ತಳದಲ್ಲಿ ಕರೆಂಟಿನ ಸಣ್ಣ ಒಲೆಯೊಂದು ಪಂಚೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಬರೀ ಬಿಸಿನೀರಿಗೆ ಕಣೇ ಅಂದರು. ಅದನ್ನು ತೆಗೆದು ಅಟ್ಟಕ್ಕೆ ಹಾಕಿದೆ.

ಹರಿಹರ

ವಿಮಾನ ಬೆಂಗಳೂರಿನಿಂದ. ಬೆಂಗಳೂರಿಗೆ ರೈಲು ನಮ್ಮ ದಾವಣಗೆರೆಯಲ್ಲೇ ಸಿಗುತ್ತದೆ. ಅತ್ತೆಯ ಹರಕೆಯ ದೆಸೆಯಿಂದ ನಾವು ಸಾಮಾನು ಸಮೇತ ಹಿಂದಕ್ಕೆ ಹರಿಹರಕ್ಕೆ ಹೋಗಿ, ಹರಿಹರೇಶ್ವರನಿಗೆ ಕೈ ಮುಗಿದು, ಹೊಳೆಗೆ ಇಳಿದು ನೀರು ತಲೆಗೆ ಚಿಮುಕಿಸಿಕೊಂಡು, ಅಲ್ಲಿ ರೈಲು ಹತ್ತಿದೆವು. ಬೇಸಿಗೆಯ ತುಂಗಭದ್ರೆ ಬಂಡೆಗಳ ನಡುವೆ ಎಲ್ಲೋ ಒಂದು ಕಡೆ ಹರಿಯುತ್ತಿತ್ತು.

ಅತ್ತೆಯ ತಂಗಿಯ ಮನೆ ಹರಿಹರದಲ್ಲೇ ಇದೆ. ನಾವೆಲ್ಲ ಗುಡಿಯ ಕಂಬಗಳ ನಡುವೆ ತಣ್ಣಗೆ ಕೂತಿದ್ದಾಗ ಅತ್ತೆ ಒಬ್ಬರೇ ತಂಗಿಯ ಮನೆಗೆ ಹೋಗಿ ಬರುತ್ತೇನೆ ಅಂತ ಆಟೊ ಹತ್ತಿದರು. ತಿರುಗಿ ಬಂದಾಗ ಅವರ ಚೀಲದ ಹೊಟ್ಟೆ ದಪ್ಪಗಾಗಿತ್ತು. ಏನದು ಅಂದರೆ ತಂಗಿ ಏನೋ ಕೊಟ್ಟಳು ಅಂದರು. ತಂಗಿ ಕೊಟ್ಟದ್ದನ್ನು ಬಿಚ್ಚಿ ನೋಡುವುದು ಸರಿಯಲ್ಲ ಅಂತ ಸುಮ್ಮನಾದೆ.

ರೈಲು ಹೊರಟು ಸ್ವಲ್ಪ ಹೊತ್ತಿಗೆ ದಾವಣಗೆರೆ ಬಂತು. ಬೆಳಿಗ್ಗೆ ಬಿಟ್ಟ ಊರನ್ನೇ ಕಿಟಕಿಯಿಂದ ನೋಡುತ್ತಾ, ನಾವು ಈಗ ಹೊರಟದ್ದೋ ಬಂದದ್ದೋ ಅಂತ ಯಜಮಾನರು ಕೇಳಿದರು. ಪ್ಲಾಟ್‌ಫಾರ್ಮಿನ ಮೇಲಿದ್ದ ಪರಿಚಯದ ಗಿರಾಕಿಯೊಬ್ಬ ನನ್ನನ್ನು ನೋಡಿ, ಅಕ್ಕಾರೆ, ಖಾನಾವಳಿ ಯಾವಾಗ ತೆಗಿತೀರಿ ಅಂತ ಕೂಗಿದ. ರೈಲು ಬಿಡುವ ತನಕ ನಾನು ಆ ಕಡೆ ತಿರುಗಲಿಲ್ಲ.

ವಿಮಾನ ನಿಲ್ದಾಣದಲ್ಲಿ ಅತ್ತೆಯ ಚೀಲದ ಹೊಟ್ಟೆ ಬಯಲಾಯಿತು. ತಪಾಸಣೆಯ ಹುಡುಗಿ ಚೀಲ ಬಿಚ್ಚಿಸಿ, ಬಿಳಿ ಪುಡಿಯ ದೊಡ್ಡ ಗಂಟೊಂದನ್ನು ಎತ್ತಿ ಹಿಡಿದು, ಇದೇನು ಅಂತ ಹಿಂದಿಯಲ್ಲಿ ಕೇಳಿದಳು. ಯಜಮಾನರು ತಮ್ಮ ದಾವಣಗೆರೆ ಪೇಟೆಯ ಹಿಂದಿಯಲ್ಲಿ ವಿವರಿಸಲು ಹೋಗಿ, ಎರಡು ಅಂಗೈ ಸೇರಿಸಿ ಪಟಪಟ ರೊಟ್ಟಿ ತಟ್ಟಿ ತೋರಿಸಿದರು. ಹಿಂದಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಜೋಳದ ಹಿಟ್ಟು! ಹೊಸದಾಗಿ ಬೀಸಿಸಿದ ಹಿಟ್ಟು, ನನ್ನ ಕಣ್ಣು ತಪ್ಪಿಸಿ ತಂಗಿಯ ಮನೆಯಿಂದ ತಂದದ್ದು. ಅದನ್ನು ಅಲ್ಲಿ ತಟ್ಟುವವರು ಯಾರು? ಈ ಮನೆಯಲ್ಲಿ ರೊಟ್ಟಿ ತಟ್ಟುವ ಕೈ ಯಾವುದು ಅಂತ ಯಾರಿಗೆ ಗೊತ್ತಿಲ್ಲ? ಹಿಟ್ಟು ಇಲ್ಲೇ ಬಿಡ್ರಿ ಅಂದೆ. ಇರ್ಲಿ ಬಿಡು ಅಂದರು ಅತ್ತೆ. ಬಂಗಾಳದ ಬಾಗ್ಡೋಗ್ರಾದಲ್ಲಿ ವಿಮಾನ ಇಳಿಯುವ ತನಕ ನಾನು ಅವರ ಜೊತೆ ಮಾತಾಡಲಿಲ್ಲ.

ಗಡಿ

ಭಾರತದ ಕಡೆಯ ಜೈಗಾಂವ್, ಭೂತಾನಿನ ಕಡೆಯ ಫುಂಟ್ಶೋಲಿಂಗ್. ನಡುವೆ ಒಂದು ಗೋಡೆ ಅಷ್ಟೇ. ಈ ಕಡೆ ನಮ್ಮ ದಾವಣಗೆರೆಯ ಮಂಡಿಪೇಟೆಯದೇ ಗದ್ದಲ, ರಿಕ್ಷಾ, ಹಾರ್ನು, ಕೂಗು. ಆ ಕಡೆ ಕಾಲಿಟ್ಟ ಕೂಡಲೇ ಯಾರೋ ರೇಡಿಯೊ ಬಂದ್ ಮಾಡಿದ ಹಾಗೆ. ಜನ ರಸ್ತೆ ದಾಟಲು ನಿಂತರೆ ಕಾರು ತಾನಾಗಿ ನಿಲ್ಲುತ್ತದೆ. ನಾವು ಕಾರು ಹೋಗಲಿ ಅಂತ ಕಾದೆವು, ಕಾರಿನವರು ನಾವು ಹೋಗಲಿ ಅಂತ ಕಾದರು. ಕೊನೆಗೆ ನಮ್ಮ ಮಾರ್ಗದರ್ಶಿ ಸೋನಂ ಬಂದು ಕೈ ಹಿಡಿದು ದಾಟಿಸಿದ.

ಸೋನಂ ಮೊಣಕಾಲು ಕಾಣುವಂತೆ ನಿಲುವಂಗಿ ಎತ್ತಿ ಕಟ್ಟಿದ, ಹಿಂದಿ ಬಲ್ಲ ನಗುಮುಖದ ಆಳು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದೆ. ಯಜಮಾನರು ತಮ್ಮ ಕೈಗಡಿಯಾರ ತಿದ್ದಿಕೊಳ್ಳಲಿಲ್ಲ. ಊರಿನಲ್ಲಿ ಈಗ ಏನು ಹೊತ್ತು ಅಂತ ಗೊತ್ತಿರಬೇಕು ಅಂದರು. ಅಲ್ಲಿಯವರೂ ಎಲೆ ಅಡಿಕೆ ಸುಣ್ಣ ಜಗಿಯುತ್ತಾರೆ ಅಂತ ಕಂಡದ್ದೇ ಅವರಿಗೆ ಜೀವ ಬಂದ ಹಾಗಾಯಿತು. ಸೋನಂ ಕೊಟ್ಟ ಒಂದು ಬೀಡ ಹಾಕಿಕೊಂಡರು. ಅದು ಹಸಿ ಅಡಿಕೆ. ಕಿವಿ ಕೆಂಪಗಾಗಿ, ಬೆವರು ಒರೆಸಿಕೊಳ್ಳುತ್ತಾ, ಬಾಳ ಚಲೋ ಐತೆ ಅಂದರು.

ಬೆಟ್ಟದ ದಾರಿಯಲ್ಲಿ ಅತ್ತೆ ಕಣ್ಣು ಮುಚ್ಚಿ, ಹಿಟ್ಟಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಕಣಿವೆ ನೋಡಬೇಕು ಅಂದುಕೊಂಡರೂ ಕಣ್ಣು ಮತ್ತೆ ಮತ್ತೆ ಆ ಚೀಲದ ಮೇಲೇ ಹೋಗುತ್ತಿತ್ತು.

ಹಾ ಕಣಿವೆ

ಊರಿನ ಹೆಸರೇ ಹಾ. ಸುತ್ತ ಪೈನ್ ಮರದ ಬೆಟ್ಟಗಳು, ನಡುವೆ ಒಂದು ಹೊಳೆ, ಹೊಳೆಯ ಬದಿಗೆ ಗೋಧಿ, ಹುರುಳಿಯಂಥ ಕಪ್ಪು ಕಾಳಿನ ಹೊಲಗಳು. ನಮಗೆ ಗೊತ್ತುಮಾಡಿದ್ದ ಮನೆ ಮಣ್ಣಿನ ದಪ್ಪ ಗೋಡೆಯದು, ಬಣ್ಣದ ಮರದ ಕಿಟಕಿಯದು. ಮನೆಯ ಯಜಮಾನಿ ಒಬ್ಬ ಅಜ್ಜಿ. ಅವರ ಭಾಷೆಯಲ್ಲಿ ಅಜ್ಜಿಗೆ ಅಂಗೇ ಅನ್ನುತ್ತಾರೆ, ನಾವೂ ಹಾಗೇ ಕರೆದೆವು. ಮಗಳು ಪೇಮ, ಅಳಿಯ ದೋರ್ಜಿ. ಅಲ್ಲಿ ಮನೆ ಹೊಲ ಎಲ್ಲ ಹೆಣ್ಣುಮಕ್ಕಳಿಗೆ ಹೋಗುವುದು, ಮದುವೆಯಾದ ಗಂಡು ಹೆಂಡತಿಯ ಮನೆಗೆ ಬಂದಿರುವುದು ರೂಢಿ. ಅಡುಗೆ ದೋರ್ಜಿಯದು. ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ಅವನು ಕಬ್ಬಿಣದ ಒಲೆಗೆ ಸೌದೆ ತುರುಕುವುದನ್ನು ನಮ್ಮತ್ತೆ ಮೊದಲ ದಿನ ನೋಡಿದ ನೋಟ ಮರೆಯುವ ಹಾಗಿಲ್ಲ. ಅಳಿಯನ್ನ ಒಲಿ ಮುಂದೆ ಕುಂದರ್ಸ್ಯಾರಲ್ಲ ಅಂತ ನನ್ನ ಕಿವಿಯಲ್ಲಿ ಅಂದರು. ಚಲೋ ಕೂತಾನಲ್ರೀ ಅಂದೆ ನಾನು, ಯಜಮಾನರಿಗೆ ಕೇಳುವಷ್ಟು ಜೋರಾಗಿ.

ಹೋದ ದಿನ ಕಿಟಕಿಯ ದಾರಕ್ಕೆ ಉದ್ದುದ್ದ ಮಾಂಸದ ಪಟ್ಟಿಗಳನ್ನು ಒಣಗಲು ಹಾಕಿದ್ದರು. ಅತ್ತೆ ಲಿಂಗಪೂಜೆಯವರು, ಮೊಟ್ಟೆಯ ಅಂಗಡಿ ಮುಂದೆ ಸೆರಗು ಮುಚ್ಚಿಕೊಂಡು ಹೋಗುವವರು. ಅವರು ಆ ಕಡೆಗೆ ಬೆನ್ನು ಮಾಡಿ ಕೂತರು. ಅಂಗೇ ಅದನ್ನು ಕಂಡಿರಬೇಕು. ನಾವು ಕೈಕಾಲು ತೊಳೆದು ಬರುವಷ್ಟರಲ್ಲಿ ದಾರ ಖಾಲಿಯಾಗಿತ್ತು. ನಾವಿರುವ ತನಕ ಆ ಮನೆಯ ಒಲೆಯ ಮೇಲೆ ಮಾಂಸ ಏರಲಿಲ್ಲ. ಯಾರೂ ಆ ಮಾತನ್ನು ಎತ್ತಲೂ ಇಲ್ಲ.

ಕೆಂಪಕ್ಕಿ ಅನ್ನ, ಹಸಿಮೆಣಸಿನಕಾಯಿಯನ್ನೇ ಪಲ್ಯದ ಹಾಗೆ ಹಾಕಿ ಗಿಣ್ಣಿನಲ್ಲಿ ಬೇಯಿಸಿದ ಸಾರು, ಕಪ್ಪು ಕಾಳಿನ ಹಿಟ್ಟಿನೊಳಗೆ ಸೊಪ್ಪು ತುಂಬಿದ ಕಡುಬು. ಮಿರ್ಚಿ ಭಜಿ ತಿಂದು ಬೆಳೆದ ನಮಗೂ ಆ ಖಾರಕ್ಕೆ ಮೂಗು ಸೋರಿತು. ಬೆಣ್ಣೆ, ಉಪ್ಪು ಹಾಕಿ ಕಡೆದ ಚಹಾ ಬಂದಾಗ ಯಜಮಾನರು ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಮ್ಮೂರಾಗೆ ದೋಸಿಗೆ ಹಾಕೋ ಬೆಣ್ಣಿ ಇಲ್ಲಿ ಚಾದಾಗೆ ಹಾಕ್ತಾರೆ, ಅಷ್ಟೇ ಫರಕು" ಅಂತ ಕುಡಿದುಬಿಟ್ಟರು.

ಊಟದಲ್ಲಿ ಒಂದು ಫಜೀತಿಯಾಯಿತು. ನಮ್ಮತ್ತೆ ತಟ್ಟೆಯಲ್ಲಿ ಅಗುಳು ಬಿಟ್ಟವರಲ್ಲ. ಉಂಡದ್ದು ಪ್ರಸಾದ, ಬಿಡಬಾರದು ಅಂತ ತಟ್ಟೆಯನ್ನು ಬೆರಳಿನಿಂದ ಒರೆಸಿ, ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯುತ್ತಾರೆ. ಆ ಮನೆಯಲ್ಲೋ, ಅತಿಥಿಯ ತಟ್ಟೆ ಖಾಲಿ ಕಂಡರೆ ಮನೆಯವರಿಗೆ ಅವಮಾನ. ಅತ್ತೆ ಒರೆಸಿದ ಹಾಗೆಲ್ಲ ಅಂಗೇ ಇನ್ನೊಂದು ಸೌಟು ಅನ್ನ ಹಾಕಿದರು. ಹಾಕಿದ ಹಾಗೆಲ್ಲ ಅತ್ತೆ ಬಿಡಬಾರದೆಂದು ಉಂಡರು. ಸಾಕು ಅಂತ ಕೈ ಅಡ್ಡ ಹಿಡಿದರೆ ಅಂಗೇ ಅದನ್ನು ಬರೀ ಸಂಕೋಚ ಅಂದುಕೊಂಡರು, ಯಾಕೆಂದರೆ ಅಲ್ಲಿ ಮೊದಲ ಸಲ ಬೇಡ ಅನ್ನುವುದು ಮರ್ಯಾದೆ. ಇಬ್ಬರೂ ಮುದುಕಿಯರು ಸೋಲುವವರಲ್ಲ. ಅತ್ತೆಯ ಉಸಿರು ಸಿಕ್ಕಿಕೊಂಡದ್ದನ್ನು ಕಂಡು ಸೋನಂ ನಡುವೆ ಬಂದು ಸಂಧಾನ ಮಾಡಿದ. ಸಾಕಾದಾಗ ತಟ್ಟೆಯಲ್ಲಿ ಒಂದು ತುತ್ತು ಬಿಡಬೇಕು ಅಂದ. ಅತ್ತೆ ಬಿಡಲಿಲ್ಲ. ಅಂಗೇಯೇ ಮರುದಿನದಿಂದ ಸೌಟು ಸಣ್ಣದು ಮಾಡಿಕೊಂಡರು.

ಆಮೇಲೆ ದಿನಗಳು ಮೆಲ್ಲಗೆ ಹೋದವು. ಬೆಳಿಗ್ಗೆ ಅಂಗೇ ತಮ್ಮ ದೇವರ ಮುಂದಿನ ಬಟ್ಟಲುಗಳಿಗೆ ನೀರು ತುಂಬಿಸಿ ಜಪಮಣಿ ಎಣಿಸುತ್ತಾ ಕಿಟಕಿಯ ಬಳಿ ಕೂರುವರು. ನಮ್ಮತ್ತೆ ಎದುರಿಗೆ ಅಂಗೈಯಲ್ಲಿ ಲಿಂಗ ಹಿಡಿದು ಕೂರುವರು. ಪೂಜೆ ಮುಗಿದ ಮೇಲೆ ಒಬ್ಬರು ಕನ್ನಡದಲ್ಲಿ, ಒಬ್ಬರು ತಮ್ಮ ಭಾಷೆಯಲ್ಲಿ ಮಂಡಿನೋವಿನ ವಿಷಯ ಮಾತಾಡಿಕೊಳ್ಳುವರು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಮಂಡಿ ಎಲ್ಲಿದೆ ಅಂತ ತಿಳಿಯುತ್ತದಲ್ಲ. ಯಜಮಾನರು ಬಿಲ್ಲುಗಾರಿಕೆಯ ಮೈದಾನಕ್ಕೆ ಹೋಗಿ ಗುರಿ ತಪ್ಪಿದವರಿಗೂ ಚಪ್ಪಾಳೆ ತಟ್ಟಿ ಬರುತ್ತಿದ್ದರು. ಪಲ್ಲವಿ ಸೇಬಿನ ಗಿಡದ ಕೆಳಗೆ ನಿದ್ದೆ ಹೊಡೆಯುತ್ತಿದ್ದಳು.

ನಾನು ಕೂತೆ. ನಿಜ ಹೇಳಬೇಕೆಂದರೆ ಮೊದಲ ದಿನಗಳಲ್ಲಿ ಕೂರಲು ಬರಲಿಲ್ಲ. ದೋರ್ಜಿ ಒಗ್ಗರಣೆ ಇಲ್ಲದೆ ಬೇಯಿಸುವುದನ್ನು ಕಂಡು ಕೈ ಚುರುಗುಟ್ಟುತ್ತಿತ್ತು. ಆಮೇಲಾಮೇಲೆ ಬೆನ್ನು ಗೋಡೆಗೆ ಹತ್ತಿಕೊಂಡಿತು. ಬಿಸಿ ಬಿಸಿ ತಟ್ಟೆ ನನ್ನ ಮುಂದೆ ಬಂದಾಗ, ಇದನ್ನು ಮಾಡಲು ನಾನು ಏಳಲಿಲ್ಲ ಅನ್ನುವುದೇ ಒಂದು ರುಚಿ. ಆದರೆ ಮನಸ್ಸಿನ ಒಂದು ಮೂಲೆ ನೆಮ್ಮದಿಯಾಗಿರಲಿಲ್ಲ. ಆ ಹಿಟ್ಟಿನ ಗಂಟು ಅತ್ತೆಯ ತಲೆದಿಂಬಿನ ಪಕ್ಕದಲ್ಲೇ ಇತ್ತು. ದಿನಕ್ಕೊಮ್ಮೆ ಬಿಚ್ಚಿ ಮೂಸಿ ನೋಡಿ ಮತ್ತೆ ಕಟ್ಟುತ್ತಿದ್ದರು. ಯಾವತ್ತೋ ಒಂದು ದಿನ, ನಿರ್ಮಲಾ, ಎರಡು ರೊಟ್ಟಿ ತಟ್ಟು ಅನ್ನುತ್ತಾರೆ, ಅವತ್ತಿಗೆ ನನ್ನ ರಜೆ ಮುಗಿಯಿತು ಅಂತ ನಾನು ಕಾದುಕೊಂಡೇ ಇದ್ದೆ.

ಮಳೆಯ ದಿನ

ಹೊರಡುವುದಕ್ಕೆ ಮುಂಚಿನ ದಿನ ಬೆಳಗಿನಿಂದಲೇ ಮಳೆ. ಊರಾಚೆ ರಸ್ತೆಯ ಮೇಲೆ ಗುಡ್ಡದ ಮಣ್ಣು ಜರಿದಿದೆ ಅಂತ ಸುದ್ದಿ ಬಂತು. ಇಂಥ ಕೆಲಸಕ್ಕೆ ಅಲ್ಲಿ ಮನೆಮನೆಯಿಂದ ಜನ ಹೋಗುತ್ತಾರಂತೆ. ಪೇಮ, ದೋರ್ಜಿ ಇಬ್ಬರೂ ಸನಿಕೆ ಹಿಡಿದು ಹೋದರು. ಸೋನಂ ಕೂಡ ಜೊತೆಗೆ ಹೋದ. ಅಂಗೇಗೆ ಅವತ್ತು ಮಂಡಿ ಊದಿ, ಹಾಸಿಗೆ ಬಿಟ್ಟು ಏಳಲು ಆಗಿರಲಿಲ್ಲ.

ಊಟದ ಹೊತ್ತು ಮೀರಿತು, ಹೋದವರು ಬರಲಿಲ್ಲ. ಒಲೆಯಲ್ಲಿ ಕೆಂಡ ಇತ್ತು, ಮೇಲೆ ಏನೂ ಇರಲಿಲ್ಲ. ಅಂಗೇ ಹಾಸಿಗೆಯಿಂದಲೇ ನಮ್ಮ ಕಡೆ ನೋಡಿ ಕೈ ಮುಗಿದು ಏನೋ ಅಂದರು. ಅತಿಥಿಗಳನ್ನು ಹಸಿದುಕೊಂಡು ಕೂರಿಸಿದೆನಲ್ಲ ಅನ್ನುವ ಸಂಕಟ ಅವರ ಮುಖದಲ್ಲಿತ್ತು. ಪಲ್ಲವಿ ನನ್ನನ್ನು ನೋಡಿದಳು. ಯಜಮಾನರು ನನ್ನನ್ನು ನೋಡಿದರು. ಶರತ್ತು ಹಾಕಿದವಳು ನಾನೇ ಆದರೂ, ಹಸಿದ ಮುದುಕಿಯ ಮುಂದೆ ಕೈ ಕಟ್ಟಿ ಕೂರುವಷ್ಟು ಕಲ್ಲು ನಾನಲ್ಲ. ಆಯಿತಲ್ಲ, ಅಷ್ಟೇ ನನ್ನ ಪುಣ್ಯ ಅಂತ ಸೆರಗು ಸಿಕ್ಕಿಸಿದೆ. ಎದೆಯೊಳಗೆ ಸಿಟ್ಟೂ ಇತ್ತು, ಅಳುವೂ ಇತ್ತು.

"ನಿರ್ಮಲಾ, ಒಂದೀಟು..." ಅಂದರು ಯಜಮಾನರು.

"ಆಕಿನ್ನ ಯಾಕ ಎಬ್ಬಿಸ್ತೀಯೋ? ಕುಂದರ್ಲಿ ಬಿಡು" ಅಂದರು ಅತ್ತೆ.

ಗೋಡೆ ಹಿಡಿದು ಎದ್ದರು. ತಲೆದಿಂಬಿನ ಪಕ್ಕದ ಗಂಟು ತಂದರು. ಮಗನಿಗೆ ನೀರು ಕಾಸಲು ಹೇಳಿದರು, ಮೊಮ್ಮಗಳಿಗೆ ಸೌದೆ ಸರಿಮಾಡಲು ಹೇಳಿದರು. ಅಗಲವಾದ ಒಂದು ಕಬ್ಬಿಣದ ಬಾಣಲೆಯೇ ಹಂಚಾಯಿತು. ಮಂಡಿ ಮಡಿಸಲಾಗದೆ ಕಾಲು ಚಾಚಿಕೊಂಡು ಕೂತು, ಬಿಸಿ ನೀರು ಹಾಕಿ ಹಿಟ್ಟು ನಾದತೊಡಗಿದರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಸೊಸೆಯಾಗಿ ಬಂದಾಗಿನಿಂದ ಅವರು ರೊಟ್ಟಿ ತಟ್ಟಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಹಿಟ್ಟು ಹಳತಾಗಿ ಜಿಗಿ ಹೋಗಿತ್ತು. ತಟ್ಟಿದ ಕಡೆಯೆಲ್ಲ ಅಂಚು ಸೀಳುತ್ತಿತ್ತು. ಮೊದಲನೆಯದು ಎತ್ತುವಾಗ ಎರಡು ತುಂಡಾಯಿತು. ನೀರು ಇನ್ನಷ್ಟು ಕಾಯಬೇಕಿತ್ತು, ಇನ್ನಷ್ಟು ನಾದಬೇಕಿತ್ತು. ನನ್ನ ಕೈ ತಡೆಯಲಿಲ್ಲ.

"ಬಿಡ್ರಿ ಅತ್ತೆ, ನಾ ತಟ್ತೀನಿ" ಅಂತ ಮುಂದೆ ಸರಿದೆ.

ಅವರು ಹಿಟ್ಟಿನ ಕೈಯಿಂದಲೇ ನನ್ನ ಭುಜ ಹಿಡಿದು ಹಿಂದಕ್ಕೆ ಕೂರಿಸಿದರು. "ನಿನಗೊಂದು ಬಿಸಿ ರೊಟ್ಟಿ ತಟ್ಟಿ ಹಾಕ್ಬೇಕು ಅಂತ ನನಗ ಬಾಳ ದಿನದಿಂದ ಐತೆ. ಊರಾಗೆ ನೀ ಹಂಚಿನ ಮುಂದೆ ಯಾರ್ನ ಬಿಡ್ತಿ? ಅದಕ್ಕೇ ಹಿಟ್ಟು ಹೊತ್ಕೊಂಡು ಬಂದೆ. ದಿನಾ ಆ ದೋರ್ಜಿ ಒಲಿ ಬಿಟ್ಟು ಏಳ್ಲಿಲ್ಲ, ಇವತ್ತು ಸಿಕ್ತು. ಸುಮ್ನೆ ಕುಂದ್ರು."

ನಾನು ಕೂತೆ.

ಮುರಿಯದೆ ಎದ್ದ ಮೊದಲ ರೊಟ್ಟಿ ಅಂಗೇಗೆ ಹೋಯಿತು. ಎರಡನೆಯದು ನನ್ನ ತಟ್ಟೆಗೆ ಬಂತು, ಅಂಚೆಲ್ಲ ಹಲ್ಲು ಹಲ್ಲಾಗಿ, ನಡುವೆ ಒಂದು ಕಡೆ ಕಪ್ಪಗಾಗಿ. ಮೇಲೆ ಅಂಗೇಯ ಮನೆಯ ಬೆಣ್ಣೆ ಕರಗುತ್ತಿತ್ತು, ಬದಿಗೆ ನಮ್ಮ ಶೇಂಗಾ ಚಟ್ನಿಪುಡಿ. ರೊಟ್ಟಿ ತಟ್ಟುವವಳು ಕೊನೆಗೆ ಉಣ್ಣುತ್ತಾಳೆ, ಅಷ್ಟು ಹೊತ್ತಿಗೆ ಅದು ತಣ್ಣಗಾಗಿರುತ್ತದೆ. ಇಷ್ಟು ಜನಕ್ಕೆ ರೊಟ್ಟಿ ಹಾಕಿದ ನಾನು ಹಂಚಿನಿಂದ ನೇರ ನನ್ನ ತಟ್ಟೆಗೆ ಬಿದ್ದ ರೊಟ್ಟಿ ಯಾವಾಗ ತಿಂದಿದ್ದೆ ಅಂತ ನೆನಪು ಮಾಡಿಕೊಂಡೆ. ಮದುವೆಗೆ ಮುಂಚೆ, ನನ್ನವ್ವ ಹಾಕಿದ್ದು. ಬೆರಳು ಸುಟ್ಟಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ತುಂಬ ಖುಷಿಯಾಗಿತ್ತು ನನಗೆ.

ಒಂದು ಚೂರೂ ಬಿಡದೆ ತಿಂದು, ಅತ್ತೆ ಮಾಡುವ ಹಾಗೆಯೇ ತಟ್ಟೆಯನ್ನು ಬೆರಳಿನಿಂದ ಒರೆಸಿದೆ. ಅವರು ಕೂಡಲೇ ಇನ್ನೊಂದು ಹಾಕಿದರು. ಸಾಕು ಅಂತ ಕೈ ಅಡ್ಡ ಹಿಡಿದೆ. ಹಾಸಿಗೆಯಲ್ಲಿದ್ದ ಅಂಗೇ ಜೋರಾಗಿ ನಕ್ಕು, ಹಾಕು ಹಾಕು ಅಂತ ಅತ್ತೆಗೆ ಕೈಸನ್ನೆ ಮಾಡಿದರು.

ಮತ್ತೆ ವಿನೋಬನಗರ

ದಾರಿ ತೆರೆಯಿತು, ನಾವು ಊರಿಗೆ ಬಂದೆವು. ಯಜಮಾನರ ಗಡಿಯಾರ ತಾನಾಗಿ ಸರಿಹೋಯಿತು. ಬಾಗಿಲು ತೆಗೆದ ಮರುದಿನವೇ ಖಾನಾವಳಿ ಶುರು. ಸೆಖೆ, ಹೊಗೆ, ರೊಟ್ಟಿ ಐತೇನ್ರಿ ಅನ್ನುವ ಕೂಗು, ಎಲ್ಲ ಇದ್ದಲ್ಲೇ ಇದ್ದವು. ಏನು ನೋಡಿ ಬಂದ್ರಿ ಅಕ್ಕಾರೆ ಅಂತ ಗಿರಾಕಿಗಳು ಕೇಳಿದರು. ಬೆಟ್ಟ, ಹೊಳೆ, ಸೇಬಿನ ಗಿಡ ಅಂತ ಏನೋ ಹೇಳಿದೆ.

ಮಧ್ಯಾಹ್ನದ ಭರಾಟೆ ಇಳಿಯುತ್ತಿತ್ತು. ಅತ್ತೆ ಒಳಗಿನಿಂದ ಒಂದು ಮಣೆ ತಂದು ಹಂಚಿನ ಬದಿಗೆ ಹಾಕಿದರು.

"ಸರಿ ಅತ್ತಾಗ" ಅಂದರು.

ಬೆಂಚಿನ ಮೇಲೆ ಇನ್ನೂ ಗಿರಾಕಿಗಳಿದ್ದರು. ಅತ್ತೆಯ ರೊಟ್ಟಿಯ ಅಂಚು ಸೀಳುತ್ತದೆ, ನಡುವೆ ಕಪ್ಪಗಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹಂಚು ಬಿಟ್ಟು ಸರಿದೆ. ಕೈ ತೊಳೆದುಕೊಂಡು ಗಿರಾಕಿಗಳ ಬೆಂಚಿನ ತುದಿಯಲ್ಲಿ ಕೂತು, ಒಂದು ತಟ್ಟೆ ಎಳೆದುಕೊಂಡೆ.